ಅಮೆರಿಕದಲ್ಲಿ ಎಚ್‌ಐವಿ ಮಾತ್ರೆಯ ಮೇಲೆ ಸಾವಿರಾರು ಕೇಸ್ ಬಿದ್ದಿವೆಯಂತೆ. ನಾನು ಟಿಎಲ್‌ಡಿ ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ಮೊದಲು ಇದಿಷ್ಟು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ. ಟಿಎಲ್‌ಡಿ ಎಂದರೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಎಚ್‌ಐವಿ ಮಾತ್ರೆ.

ಟೆನೊಫೊವಿರ್ ಕಿಡ್ನಿ, ಮೂಳೆ ಎರಡನ್ನೂ ಹಾಳು ಮಾಡುತ್ತದೆ, ಕಂಪನಿ ಕೋಟಿಗಟ್ಟಲೆ ದುಡ್ಡು ಕಟ್ಟಿ ಕೇಸ್ ಮುಗಿಸಿಕೊಂಡಿದೆ ಅನ್ನೋ ವಿಡಿಯೋ ವಾಟ್ಸಾಪ್‌ನಲ್ಲಿ ಬಂತು, ನನ್ನ ಡಬ್ಬಿ ಮೇಲೂ ಅದೇ ಹೆಸರಿದೆ ಅಂತ ಬರೆದಿದ್ದೀರಿ. ನಾನು ಒಂದು ಎಆರ್‌ಟಿ ಸೆಂಟರಿನಲ್ಲಿ, ಅಂದರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರದಲ್ಲಿ, ಫಾರ್ಮಸಿಸ್ಟ್. ಇಂಥ ವಿಡಿಯೋಗಳನ್ನು ಕೌಂಟರಿನ ಆಚೆ ನಿಂತವರು ಫೋನ್ ಚಾಚಿ ತೋರಿಸುತ್ತಲೇ ಇರುತ್ತಾರೆ. ಅದರಲ್ಲಿರುವುದು ಪೂರ್ತಿ ಸುಳ್ಳಲ್ಲ, ತಲೆನೋವು ಅದೇ.

ಗಿಲಿಯಡ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿ ಟೆನೊಫೊವಿರ್‌ನ ಮೊದಲ ರೂಪವನ್ನು 2001ರಲ್ಲಿ ಮಾರುಕಟ್ಟೆಗೆ ತಂದಿತು. ಡಾಕ್ಟರುಗಳು ಟಿಡಿಎಫ್ ಅನ್ನುತ್ತಾರೆ, 300 ಮಿಲಿಗ್ರಾಂ. ನಿಮ್ಮ ಟಿಎಲ್‌ಡಿಯಲ್ಲಿರುವ 'ಟಿ' ಇದೇ. ಇದು ಬಹುಪಾಲು ರಕ್ತದಲ್ಲೇ ಬಿಚ್ಚಿಕೊಂಡು ಕಿಡ್ನಿಯ ಮೂಲಕ ಹೊರಗೆ ಹೋಗುತ್ತದೆ. ಹೋಗುವಾಗ ಕೆಲವರಲ್ಲಿ ಅಲ್ಲಿನ ಸಣ್ಣ ನಾಳಗಳನ್ನು ಕೆಡಿಸುತ್ತದೆ. ಆಗ ಮೂತ್ರದಲ್ಲಿ ಫಾಸ್ಫೇಟ್ ಸೋರಿ ಮೂಳೆ ದುರ್ಬಲವಾಗುತ್ತದೆ. ಅದೇ ಕಂಪನಿಯ ಕೈಯಲ್ಲಿ ಟಿಎಎಫ್ ಎಂಬ ಇನ್ನೊಂದು ರೂಪವೂ ಇತ್ತು. ಅದು ಜೀವಕೋಶದೊಳಕ್ಕೆ ಹೊಕ್ಕ ಮೇಲೆ ಬಿಚ್ಚಿಕೊಳ್ಳುವುದರಿಂದ 25 ಮಿಲಿಗ್ರಾಂ ಸಾಕು, ರಕ್ತದಲ್ಲಿ ಓಡಾಡುವ ಟೆನೊಫೊವಿರ್ ಸುಮಾರು ಶೇ 90ರಷ್ಟು ಕಡಿಮೆ. 2004ರಲ್ಲಿ ಕಂಪನಿ ಅದರ ಕೆಲಸವನ್ನು ನಿಲ್ಲಿಸಿತು. ಟಿಎಎಫ್ ಇರುವ ಮೊದಲ ಎಚ್‌ಐವಿ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 2015ರ ನವೆಂಬರಿನಲ್ಲಿ, ಹಳೆಯದರ ಪೇಟೆಂಟ್ ಮುಗಿಯಲು ಎರಡು ವರ್ಷ ಬಾಕಿ ಇದ್ದಾಗ.

ನಡುವಿನ ಆ ವರ್ಷಗಳಲ್ಲಿ ಹಳೆಯದನ್ನು ನುಂಗಿ ಕಿಡ್ನಿ ಕೆಟ್ಟಿತು, ಮೂಳೆ ಮುರಿಯಿತು ಎಂದವರು 2018ರಿಂದ ಕೋರ್ಟಿನ ಮೆಟ್ಟಿಲು ಹತ್ತಿದರು. ಕ್ಯಾಲಿಫೋರ್ನಿಯಾ ರಾಜ್ಯದ ಕೋರ್ಟಿನಲ್ಲೇ ಸುಮಾರು 24,000 ಜನ. ಮೇಲಾದದ್ದು ಕೈಯಲ್ಲಿದ್ದೂ ಲಾಭದ ಲೆಕ್ಕ ಹಾಕಿ ಮುಚ್ಚಿಟ್ಟರು ಎಂಬುದು ಅವರ ದೂರು. 2004ರಲ್ಲಿ ಹೊಸದು ಹಳೆಯದಕ್ಕಿಂತ ಅಷ್ಟೇನೂ ಬೇರೆ ಅನ್ನಿಸಿರಲಿಲ್ಲ ಎಂಬುದು ಕಂಪನಿಯ ಸಮಜಾಯಿಷಿ. ಫೆಡರಲ್ ಕೋರ್ಟಿನಲ್ಲಿದ್ದ 2,625 ಜನರ ಕೇಸುಗಳನ್ನು 2024ರಲ್ಲಿ 4 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿ ರಾಜಿ ಮಾಡಿಕೊಂಡರು. ಕೇಳಲು ದೊಡ್ಡ ಮೊತ್ತ. ತಲೆಗೆ ಹಂಚಿದರೆ ಸರಾಸರಿ 15,000 ಡಾಲರ್ ಚಿಲ್ಲರೆ, ಅದೂ ವಕೀಲರ ಪಾಲು ಕಳೆಯುವ ಮೊದಲು.

ವಿಡಿಯೋ ಮಾಡಿದವರು ನುಂಗಿಕೊಂಡ ಸಂಗತಿ ಒಂದಿದೆ. ಕ್ಯಾಲಿಫೋರ್ನಿಯಾದ ಆ ಕೇಸಿನ ಮುಖ್ಯ ವಾದದಲ್ಲಿ, ಟಿಡಿಎಫ್ ದೋಷವಿರುವ ಔಷಧಿ ಎಂದು ಸಾಬೀತು ಮಾಡುವ ಗೋಜಿಗೇ ಫಿರ್ಯಾದಿಗಳು ಹೋಗಿಲ್ಲ. ಔಷಧಿ ಸರಿಯಾಗಿಯೇ ಇರಬಹುದು, ಅದಕ್ಕಿಂತ ಸುರಕ್ಷಿತವಾದದ್ದು ಸಿದ್ಧವಿದೆ ಎಂದು ಗೊತ್ತಿದ್ದ ಕಂಪನಿ ಅದನ್ನು ತಡ ಮಾಡಿದ್ದು ನಿರ್ಲಕ್ಷ್ಯ ಅಲ್ಲವೇ ಎಂಬುದು ಅವರ ಪ್ರಶ್ನೆ. ಈ ವಾದ ನಿಲ್ಲುತ್ತದೆ ಎಂದು 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕಂಪನಿ ಬಿಡಲಿಲ್ಲ, ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆಗೆ ಎತ್ತಿಕೊಂಡಿತು. ನನ್ನನ್ನು ಕೇಳಿದರೆ ಫಿರ್ಯಾದಿಗಳ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದು ಕಂಪನಿಯ ಮೇಲಿನ ಸಿಟ್ಟು. ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಅದು ಮಾತ್ರೆಯ ಮೇಲಿನ ಭಯವಾಗಿ ಕೂತಿದೆ.

ಅಲ್ಲಿಯೂ ಹೀಗೇ ಆಯಿತು. 2019ರಲ್ಲಿ ಕಕ್ಷಿದಾರರನ್ನು ಹಿಡಿಯಲು ವಕೀಲರ ಸಂಸ್ಥೆಗಳು ಫೇಸ್‌ಬುಕ್ ತುಂಬ ಜಾಹೀರಾತು ಹರಿಬಿಟ್ಟವು. ಸೋಂಕು ತಗಲದಿರಲಿ ಎಂದು ಟಿಡಿಎಫ್ ಇರುವ ಟ್ರುವಾಡಾ ಮಾತ್ರೆ ನುಂಗುತ್ತಿದ್ದ ಆರೋಗ್ಯವಂತರೂ ಅವನ್ನು ನೋಡಿ ಹೆದರಿದರು. ಇದರಿಂದ ಜನ ಮಾತ್ರೆ ಬಿಡುತ್ತಿದ್ದಾರೆ ಎಂದು ಡಿಸೆಂಬರಿನಲ್ಲಿ ಐವತ್ತಕ್ಕೂ ಹೆಚ್ಚು ಸಂಘಟನೆಗಳು ಬಹಿರಂಗ ಪತ್ರ ಬರೆದವು. ಮೊದಲು ಆಗಲ್ಲ ಎಂದ ಫೇಸ್‌ಬುಕ್, ತಿಂಗಳ ಕೊನೆಗೆ ಕೆಲವು ಜಾಹೀರಾತುಗಳನ್ನು ತೆಗೆಯಿತು. ಅಷ್ಟು ಹೊತ್ತಿಗೆ ನೋಡುವವರೆಲ್ಲ ನೋಡಿಯಾಗಿತ್ತು.

ಇದು ಹೊಸ ಕಥೆಯೇನಲ್ಲ. ಹೆರಿಗೆ ನೋವು ಶುರುವಾದಾಗ ಎಚ್‌ಐವಿ ಇರುವ ತಾಯಿಗೆ ನೆವಿರಪಿನ್ ಎಂಬ ಔಷಧಿಯ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಡೋಸ್ ಕೊಟ್ಟರೆ ಮಗುವಿಗೆ ಸೋಂಕು ದಾಟುವುದು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂದು ಉಗಾಂಡಾದ ಕಂಪಾಲದಲ್ಲಿ ನಡೆದ ಪ್ರಯೋಗವೊಂದು 1999ರಲ್ಲಿ ತೋರಿಸಿತ್ತು. ಆ ಪ್ರಯೋಗದ ದಾಖಲೆಗಳನ್ನು ಸರಿಯಾಗಿ ಇಟ್ಟಿಲ್ಲ, ಅಡ್ಡ ಪರಿಣಾಮಗಳನ್ನು ನೆಟ್ಟಗೆ ವರದಿ ಮಾಡಿಲ್ಲ ಎಂದು 2004ರ ಕೊನೆಗೆ ಅಸೋಸಿಯೇಟೆಡ್ ಪ್ರೆಸ್ ಬರೆಯಿತು. ಬರೆಯಬೇಕಾದ ಸುದ್ದಿಯೇ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಆಳುವ ಪಕ್ಷ ಅದನ್ನು ಎತ್ತಿಕೊಂಡು, ಆಫ್ರಿಕದವರನ್ನು ಪ್ರಯೋಗದ ಪ್ರಾಣಿಗಳಂತೆ ಬಳಸಿದ್ದಾರೆ ಎಂದು ಹರಿಹಾಯ್ದಿತು. ಇದೇ ನೆವಿರಪಿನ್ ಅನ್ನು ಬಸುರಿಯರಿಗೆ ಕೊಡಲೇಬೇಕೆಂದು 2002ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆದೇಶಿಸಬೇಕಾಗಿ ಬಂದಿತ್ತು ಎಂಬುದನ್ನು ಮರೆಯಬೇಡಿ. 2005ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲವನ್ನೂ ಮತ್ತೆ ತಿರುವಿ ನೋಡಿ, ಪ್ರಯೋಗದ ಫಲಿತಾಂಶವನ್ನು ನಂಬಬಹುದು ಎಂದಿತು. ದಿನಾ ನುಂಗುವ ಚಿಕಿತ್ಸೆಯಲ್ಲಿ ನೆವಿರಪಿನ್ ಕೆಲವರ ಲಿವರ್‌ಗೆ ಹೊಡೆತ ಕೊಡುವುದು ನಿಜ. ಒಂದೇ ಒಂದು ಡೋಸಿನ ಮಾತು ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಓದುವವರು ಏನು ಮಾಡಬೇಕು?

ಇನ್ನು ನಿಮ್ಮ ಡಬ್ಬಿಯ ವಿಷಯ. ಗಿಲಿಯಡ್ ಟಿಡಿಎಫ್‌ಗಾಗಿ ಹಾಕಿದ್ದ ಅರ್ಜಿಯನ್ನು ನಮ್ಮ ಪೇಟೆಂಟ್ ಕಚೇರಿ 2009ರಲ್ಲಿ ತಿರಸ್ಕರಿಸಿತು. ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಘಟನೆಗಳೇ ತಕರಾರು ಹಾಕಿದ್ದವು. ನಾವು ನಿಮಗೆ ಕೊಡುವುದು ಇಲ್ಲಿನ ಕಂಪನಿಗಳ ಜೆನೆರಿಕ್. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಉಚಿತ ಎಆರ್‌ಟಿ ಶುರುವಾದಾಗ ಕೊಡುತ್ತಿದ್ದ ಔಷಧಿಗಳಲ್ಲಿ ಸ್ಟಾವುಡಿನ್ ಇತ್ತು. ಅದರಿಂದ ಕೆನ್ನೆ ಒಳಕ್ಕೆ ಹೋಗಿ, ಕೈಕಾಲು ಸಣಕಲಾಗಿ, ಮುಖ ನೋಡಿಯೇ ಊರವರು ಗುರುತಿಸುತ್ತಿದ್ದ ಕಾಲ. ಹಳಬರನ್ನು ಕೇಳಿ ನೋಡಿ, ಈಗಿನ ಮಾತ್ರೆಯ ಬೆಲೆ ಅವರಿಗೆ ಗೊತ್ತು.

ಕಿಡ್ನಿ ಅಪಾಯ ಹೆಚ್ಚಾಗುವುದು ಟಿಡಿಎಫ್ ಜೊತೆ ರಿಟೊನಾವಿರ್‌ನಂಥ ಬೂಸ್ಟರ್, ಅಂದರೆ ಬೇರೆ ಔಷಧಿಯ ಬಲ ಹೆಚ್ಚಿಸಲು ಕೊಡುವ ಔಷಧಿ, ಸೇರಿದಾಗ. ಅದು ರಕ್ತದಲ್ಲಿ ಟೆನೊಫೊವಿರ್ ಮಟ್ಟವನ್ನು ಏರಿಸುತ್ತದೆ. ಟಿಎಲ್‌ಡಿಯಲ್ಲಿ ಬೂಸ್ಟರ್ ಇಲ್ಲ. ಅದಿಲ್ಲದ ಕಡೆ ಟಿಡಿಎಫ್‌ಗೂ ಟಿಎಎಫ್‌ಗೂ ಇರುವ ಅಂತರ ತೀರಾ ಸಣ್ಣದು. ಟಿಎಎಫ್ ಕೂಡ ಅಮೃತವೇನಲ್ಲ, ತೂಕ ಮತ್ತು ಕೊಲೆಸ್ಟ್ರಾಲ್ ಏರುವ ದೂರು ಅದರ ಮೇಲಿದೆ. ಇನ್ನೊಂದು, ಟಿಎಲ್‌ಡಿ ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಅಂಶ) ಸ್ವಲ್ಪ ಮೇಲೆ ಹೋಗಿ ಅಲ್ಲೇ ನಿಲ್ಲುವುದುಂಟು. ಅದು ಡೊಲುಟೆಗ್ರಾವಿರ್ ಮಾಡುವ ಆಟ. ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿಯನ್ನು ಅದು ಕಟ್ಟುತ್ತದೆ, ಕಿಡ್ನಿಗೆ ಏನೂ ಆಗಿರುವುದಿಲ್ಲ. ಬಾರಿಬಾರಿಗೂ ಏರುತ್ತಲೇ ಹೋದರೆ ಮಾತ್ರ ಡಾಕ್ಟರು ಟೆನೊಫೊವಿರ್ ಬಿಡಿಸಿ ಅಬಕಾವಿರ್ ಎಂಬ ಇನ್ನೊಂದು ಔಷಧಿಗೆ ಹಾಕುವ ಯೋಚನೆ ಮಾಡುತ್ತಾರೆ.

ನಾನು ಹೆದರುವುದು ಬೇರೆಯದಕ್ಕೆ. ಮೊನ್ನೆ ಒಬ್ಬರು ಬಂದಿದ್ದರು, ಹೊಲದ ಕೆಲಸದವರು. ಮಾತ್ರೆ ಸದ್ದು ಮಾಡದಿರಲಿ ಎಂದು ಡಬ್ಬಿಗೆ ಹತ್ತಿ ತುರುಕಿದ್ದರು. ಲೇಬಲ್ ಕೆರೆದು ತೆಗೆದಿದ್ದರು. ಇದು ಎಲ್ಲರೂ ಮಾಡುವುದೇ. ಕ್ರಿಯಾಟಿನಿನ್ ಜಾಸ್ತಿ ಬಂದಿದೆ, ಬೇರೆ ಏನಾದರೂ ತಗೊಳ್ತೀರಾ ಅಂದೆ. ಇಲ್ಲ ಅಂದರು. ಮೊಣಕಾಲು ನೋವಿಗೆ ಏನು ಮಾಡ್ತೀರಿ ಅಂದರೆ ಅಂಗಿ ಜೇಬಿನಿಂದ ಡೈಕ್ಲೋಫೆನಾಕ್ ಸ್ಟ್ರಿಪ್ ಬಂತು, ಹತ್ತರಲ್ಲಿ ಏಳು ಖಾಲಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಅದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಟೆನೊಫೊವಿರ್ ಜೊತೆ ಆ ನೋವಿನ ಮಾತ್ರೆ ದಿನಾ ಬಿದ್ದರೆ ಕಿಡ್ನಿ ಎಷ್ಟು ತಡೆದೀತು? ಬಿಪಿ, ಶುಗರ್ ಇದ್ದವರಿಗಂತೂ ಇನ್ನೂ ಕಷ್ಟ.

ನೀವು ಮುಂದಿನ ಸಲ ಮಾತ್ರೆಗೆ ಹೋದಾಗ ನಿಮ್ಮ ಕೊನೆಯ ಕ್ರಿಯಾಟಿನಿನ್ ಎಷ್ಟು, ಯಾವ ತಿಂಗಳಿನದು ಅಂತ ಕೇಳಿ. ಆರು ತಿಂಗಳು ದಾಟಿದ್ದರೆ ಅಂದೇ ರಕ್ತ ಕೊಟ್ಟು ಬನ್ನಿ. ಹೊರಗಿನಿಂದ ತರುವ ಮಾತ್ರೆ, ನಾಟಿ ಔಷಧಿ ಏನಿದ್ದರೂ ಬಾಯಿ ಬಿಟ್ಟು ಹೇಳಿ, ಯಾರೂ ಬೈಯುವುದಿಲ್ಲ. ಹೆಪಟೈಟಿಸ್ ಬಿ ಇದೆಯಾ ಅಂತಲೂ ಕೇಳಿಕೊಳ್ಳಿ. ಇದ್ದರೆ ಟೆನೊಫೊವಿರ್ ಅದನ್ನೂ ಹಿಡಿದಿಟ್ಟಿರುತ್ತದೆ. ಅಂಥವರು ಹೇಳದೆ ಕೇಳದೆ ನಿಲ್ಲಿಸಿದರೆ ಎಚ್‌ಐವಿ ಕೆಲವೇ ವಾರಗಳಲ್ಲಿ ತಲೆ ಎತ್ತುವುದಲ್ಲದೆ ಲಿವರ್ ಕೂಡ ಕೆರಳಿ ಆಸ್ಪತ್ರೆಗೆ ಸೇರಬೇಕಾಗಿ ಬರಬಹುದು.