ಹಳೆಯ ಫಿಲ್ಮ್ ಕ್ಯಾಮೆರಾ: ‘ಕ್ಲಿಕ್’ ಅಂದರೆ ಸಾಕೇ?

ಪ್ರಶ್ನೆ: ಪೆಂಟಾಕ್ಸ್ ಕೆ1000 ಒಂದು ಮಾರಾಟಕ್ಕಿದೆ. ‘ಕ್ಲಿಕ್ ಆಗುತ್ತದೆ, ಏನೂ ತೊಂದರೆಯಿಲ್ಲ’ ಎನ್ನುತ್ತಾರೆ. ಫಿಲ್ಮ್ ಹಾಕದೆ ಹೇಗೆ ಪರೀಕ್ಷಿಸಲಿ?

ಉತ್ತರ: ಕ್ಲಿಕ್ ಆಯಿತೆಂದರೆ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಎರಡು ಪರದೆಗಳು; ಒಂದು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ) ಅಲುಗಿತು ಎಂದಷ್ಟೇ ಅರ್ಥ. ಎಷ್ಟು ಹೊತ್ತು ತೆರೆದಿತ್ತು ಎಂಬುದು ಮುಖ್ಯ. ಮೊದಲು ರಿವೈಂಡ್ ಗುಂಡಿಯನ್ನು ಬಾಣದ ಗುರುತಿನತ್ತ ಮೆಲ್ಲಗೆ ತಿರುಗಿಸಿ. ಬಿಗಿ ಹಿಡಿದರೆ ಒಳಗೆ ಫಿಲ್ಮ್ ಇದೆ, ಹಿಂಬಾಗಿಲು ತೆರೆಯಬೇಡಿ. ಖಾಲಿಯಿದ್ದರೆ ಬಾಗಿಲು ತೆರೆದು, ಲೆನ್ಸ್ ಬಿಚ್ಚಿ, ವೇಗವನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ಗಡಿಯಾರದ ಚಕ್ರದಂತೆ ಒಂದೇ ಸಮನೆ ಸದ್ದು ಬರಬೇಕು. ತಡವರಿಸಿದರೆ, ಇಲ್ಲವೇ ಪರದೆ ಅರ್ಧದಲ್ಲೇ ನಿಂತರೆ ಬಹುಪಾಲು ಒಳಗಿನ ಗ್ರೀಸ್ ಒಣಗಿರುತ್ತದೆ. ಐದಾರು ಸಲ ಒತ್ತಿದ ಮೇಲೆ ಸರಿಹೋಯಿತೆಂದು ಸಮಾಧಾನಪಡಬೇಡಿ. ಕೆಲವು ದಿನ ಸುಮ್ಮನಿಟ್ಟರೆ ಮತ್ತೆ ಹಾಗೇ ಆಗುತ್ತದೆ. ಮೊದಲ ಸಲ ಕಂಡದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ವೇಗವನ್ನು 1/1000 ಸೆಕೆಂಡಿಗೆ ಇಡಿ. ಬೆಳಕಿರುವ ಕಿಟಕಿಯತ್ತ ಹಿಡಿದು, ಹಿಂದಿನಿಂದ ನೋಡುತ್ತಾ ಒತ್ತಿ. ಚೌಕಟ್ಟು ಪೂರ್ತಿ ಬೆಳಗಬೇಕು. ಒಂದು ಬದಿ ಕಪ್ಪಾಗಿಯೇ ಉಳಿದರೆ, ಎರಡನೇ ಪರದೆ ಮೊದಲನೆಯದನ್ನು ದಾರಿಯಲ್ಲೇ ಹಿಡಿದುಬಿಡುತ್ತಿದೆ. ಚಿತ್ರದ ಒಂದು ಬದಿ ಕತ್ತಲಾಗುತ್ತದೆ. ಇದನ್ನು ಮನೆಯಲ್ಲಿ ಸರಿಪಡಿಸಲಾಗದು, ರಿಪೇರಿಯವರ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ. ಪರದೆ ಬಟ್ಟೆಯದು: ಸುಕ್ಕು, ಬಿರುಕು ಇದೆಯೇ ನೋಡಿ, ಬೆರಳು ಮುಟ್ಟಿಸಬೇಡಿ.

ಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಗಾಬರಿ ಬೇಡ. ವಯಸ್ಸಾದ ಕ್ಯಾಮೆರಾಗಳಲ್ಲಿ ಅದು ಮಾಮೂಲು. ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದು ಅಂಟಿಸಬಹುದು.

ಪ್ರಶ್ನೆ: ಲೆನ್ಸ್ ಒಳಗೆ ದೂಳೋ ಬೂಷ್ಟೋ ತಿಳಿಯುತ್ತಿಲ್ಲ.

ಉತ್ತರ: ಅಪರ್ಚರ್ (ಲೆನ್ಸಿನೊಳಗೆ ಎಲೆಗಳಿಂದಾದ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಚುಕ್ಕಿ ಚುಕ್ಕಿ ಕಂಡರೆ ದೂಳು, ಚಿತ್ರಕ್ಕೆ ಏನೂ ಆಗದು. ಜೇಡರಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಬೂಷ್ಟು; ಅದು ಗಾಜಿನ ಲೇಪವನ್ನು ತಿಂದಿದ್ದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಹಾಲಿನಂಥ ಮಬ್ಬಿದ್ದರೆ ಚಿತ್ರ ಪೇಲವವಾಗುತ್ತದೆ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕೆಟ್ಟದ್ದು. ಅಪರ್ಚರ್ ಎಲೆಗಳನ್ನೂ ಮರೆಯಬೇಡಿ. ಎಫ್/16ಕ್ಕೆ, ಅಂದರೆ ಕಿರಿದಾದ ಕಿಂಡಿಗೆ ಇಟ್ಟು, ಲೆನ್ಸಿನ ಹಿಂದಿರುವ ಪುಟ್ಟ ಲಿವರನ್ನು ಸರಿಸಿ ಬಿಡಿ, ಎಲೆಗಳು ಫಟ್ಟನೆ ಚಲಿಸಬೇಕು. ಎಣ್ಣೆ ಹತ್ತಿ ನಿಧಾನವಾದರೆ, ಅವು ಮುಚ್ಚುವ ಮೊದಲೇ ಶಟರ್ ತೆರೆದು ಬೆಳಕು ಅತಿಯಾಗುತ್ತದೆ.

ಪ್ರಶ್ನೆ: ಒಲಿಂಪಸ್ ಓಎಂ-1ಗೆ ಇಂದಿನ ಬ್ಯಾಟರಿ ಹಾಕಬಹುದೇ?

ಉತ್ತರ: ಅದರ ಬೆಳಕು ಅಳೆಯುವ ಮೀಟರ್ 1.35 ವೋಲ್ಟ್‌ನ ಪಾದರಸದ ಸೆಲ್‌ಗೆಂದು ಮಾಡಿದ್ದು. ಅದೇ ಅಳತೆಯ 1.5 ವೋಲ್ಟ್ ಅಲ್ಕಲೈನ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ಫಿಲ್ಮಿಗೆ ಬೆಳಕು ಕಡಿಮೆ ಬೀಳುತ್ತದೆ. ಶ್ರವಣಯಂತ್ರಕ್ಕೆ ಬಳಸುವ 675 ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ. ಅಳತೆ ಚಿಕ್ಕದು, ಸುತ್ತ ರಬ್ಬರ್ ಉಂಗುರ ಹಾಕಿ. ಮೇಲಿನ ಅಂಟುಪಟ್ಟಿ ಕಿತ್ತ ಮೇಲೆ ಅದು ಹೆಚ್ಚು ಕಾಲ ಬಾಳುವುದಿಲ್ಲ. ಬ್ಯಾಟರಿ ಮೀಟರಿಗೆ ಮಾತ್ರ. ಶಟರ್ ಅದಿಲ್ಲದೆಯೂ ನಡೆಯುತ್ತದೆ.

ಪ್ರಶ್ನೆ: ಕ್ಯಾನನ್ ಎಇ-1 ಒತ್ತಿದಾಗಲೆಲ್ಲ ಕೀಚಲು ಸದ್ದು.

ಉತ್ತರ: ಕನ್ನಡಿ ಏರಿಳಿಸುವ ಗೇರ್‌ಗಳ ಎಣ್ಣೆ ಒಣಗಿದೆ. ಈ ಮಾದರಿಯಲ್ಲಿ ತೀರಾ ಸಾಮಾನ್ಯ. ಬಲ್ಲವರು ಸರಿಯಾದ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಹಾಕಿದರೆ ನಿಲ್ಲುತ್ತದೆ. ಈ ಕ್ಯಾಮೆರಾ 6 ವೋಲ್ಟ್ ಬ್ಯಾಟರಿ ಇಲ್ಲದೆ ನಡೆಯುವುದೇ ಇಲ್ಲ, ಆದ್ದರಿಂದ ನೋಡಲು ಹೋಗುವಾಗ ಹೊಸ 4ಎಲ್‌ಆರ್44 ಜೊತೆಗಿರಲಿ.