ಮೋಹನ ರಾಗದ ಭಾವಗೀತೆಗೆ ವರ್ಚುವಲ್ ಗಿಟಾರ್‌ನಲ್ಲಿ ನಮಗೆ ಬೇಕಾದ ಕಾರ್ಡ್ ವಾಯ್ಸಿಂಗ್‌ಗಳನ್ನು ಹೊಂದಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಮೋಹನದಲ್ಲಿ ಕೂಡಿಸಿದ ಭಾವಗೀತೆಯೊಂದಕ್ಕೆ ವರ್ಚುವಲ್ ಗಿಟಾರ್, ಅಂದರೆ ಗಿಟಾರಿನ ನಾದವನ್ನು ನುಡಿಸುವ ಕಂಪ್ಯೂಟರ್ ತಂತ್ರಾಂಶ, ಬಳಸುತ್ತಿದ್ದೀರಿ, ಗಾಯಕಿಯ ಶ್ರುತಿ ಐದೂವರೆ, ಅಂದರೆ ಜಿ ಶಾರ್ಪ್. ತಂತ್ರಾಂಶ ತಾನಾಗಿಯೇ ಆರಿಸಿಕೊಳ್ಳುವ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಮಂಕಾಗಿ ಕೇಳಿಸುವುದಲ್ಲದೆ ಕೆಲವೆಡೆ ಹಾಡಿಗೆ ಒಗ್ಗುತ್ತಲೂ ಇಲ್ಲ. ಆದ್ದರಿಂದ ನಿಮ್ಮದೇ ವಾಯ್ಸಿಂಗ್‌ಗಳನ್ನು, ಅಂದರೆ ಕಾರ್ಡಿನ ಯಾವ ಸ್ವರ ಯಾವ ತಂತಿಯಲ್ಲಿ ನುಡಿಯಬೇಕೆಂಬ ಜೋಡಣೆಗಳನ್ನು, ಅದರೊಳಗೆ ಕೂರಿಸುವ ಬಗೆ ತಿಳಿಯಬೇಕಾಗಿದೆ. ಯಾವ ತಂತ್ರಾಂಶ ಎಂಬುದನ್ನು ನೀವು ಬರೆದಿಲ್ಲ. ನಾನು ಸುಗಮ ಸಂಗೀತದ ಧ್ವನಿಮುದ್ರಣಗಳಿಗೆ ವಾದ್ಯ ಸಂಯೋಜನೆ ಮಾಡುವವನಾದ್ದರಿಂದ, ಯಾವ ತಂತ್ರಾಂಶದಲ್ಲಾದರೂ ನಡೆಯುವಂತೆ ನಾನು ಅನುಸರಿಸುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡೋಣ. ಜಿ ಶಾರ್ಪ್ ಮೇಜರ್ ಕೇಳಿದರೆ ಬಹುತೇಕ ತಂತ್ರಾಂಶಗಳು ಕೊಡುವುದು ನಾಲ್ಕನೆಯ ಫ್ರೆಟ್‌ನ (ಗಿಟಾರಿನ ಕತ್ತಿನ ಮೇಲಿನ ಮನೆ) ಬ್ಯಾರೆ ಕಾರ್ಡನ್ನು, ಅಂದರೆ ಒಂದೇ ಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯುವ ಕಾರ್ಡನ್ನು. ಆರನೆಯ ದಪ್ಪ ತಂತಿಯಿಂದ ಮೊದಲನೆಯ ತೆಳು ತಂತಿಯ ಕಡೆಗೆ ಓದಿದರೆ ಅದು 4-6-6-5-4-4. ಮುಂದೆಯೂ ಎಲ್ಲ ಕಾರ್ಡ್‌ಗಳನ್ನು ಇದೇ ಕ್ರಮದಲ್ಲಿ ಬರೆಯುತ್ತೇನೆ; ಪ್ರತಿ ಅಂಕಿ ಆ ತಂತಿಯಲ್ಲಿ ಒತ್ತಬೇಕಾದ ಫ್ರೆಟ್, 0 ಎಂದರೆ ಬಿಟ್ಟ ತಂತಿ. ಇದರಲ್ಲಿ ಬಿಟ್ಟ ತಂತಿ ಒಂದೂ ಇಲ್ಲದಿರುವುದರಿಂದ ಗಿಟಾರಿನ ಮೈ ತೆರೆದು ಮೊಳಗುವುದಿಲ್ಲ. ಇದರ ಮೇಲಿನ ಎರಡು ತಂತಿಗಳಲ್ಲಿ ನಿಮ್ಮ ಪಂಚಮವೂ ಷಡ್ಜವೂ ಇವೆ ಎಂಬುದು ನಿಜವೇ. ಆದರೆ ಮುಂದಿನ ಬ್ಯಾರೆ ಕಾರ್ಡಿಗೆ ಕೈ ಜಾರುತ್ತಲೇ ಅವೆರಡೂ ಮಾಯವಾಗುತ್ತವೆ. ಇದಕ್ಕಿಂತ ದೊಡ್ಡ ತೊಂದರೆ ರಾಗದ್ದು. ಮೋಹನದಲ್ಲಿ ಮಧ್ಯಮ, ನಿಷಾದಗಳಿಲ್ಲ. ಪಂಚಮದ ಮೇಲೆ ತಂತ್ರಾಂಶ ಮೇಜರ್ ಕಾರ್ಡ್ ಕಟ್ಟಿದರೆ ಕಾಕಲಿ ನಿಷಾದ ಬಂದು ಕೂರುತ್ತದೆ. ಋಷಭದ ಮೇಲೆ ಮೈನರ್ ಕಾರ್ಡ್ ಕಟ್ಟಿದರೆ ಶುದ್ಧ ಮಧ್ಯಮ ನುಸುಳುತ್ತದೆ. ಹಾಡಿಗೆ ಒಗ್ಗುತ್ತಿಲ್ಲ ಎಂದು ನಿಮಗೆ ಅನಿಸಿದ್ದಕ್ಕೆ ಕಾರಣ ಇದೇ ಇರಬೇಕು. ಸಿನಿಮಾ ಹಾಡಿನಲ್ಲಿ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ಎರಡು ಮೂರು ವಾದ್ಯಗಳಷ್ಟೇ ಇರುವ ಭಾವಗೀತೆಯಲ್ಲಿ ಅದು ಎದ್ದು ಕೇಳುತ್ತದೆ.

ಹಾಗಾಗಿ ಮೊದಲು ಜಿ ಶಾರ್ಪನ್ನು ಮರೆತು, ಕ್ಯಾಪೋವನ್ನು (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಅದುಮಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಒಂದನೆಯ ಫ್ರೆಟ್‌ಗೆ ಹಾಕಿ, ಜಿ ಶ್ರುತಿಯಲ್ಲಿ ನುಡಿಸುತ್ತಿರುವಂತೆ ಯೋಚಿಸಿ. ಆಗ ಷಡ್ಜ ಜಿ, ಋಷಭ ಎ, ಗಾಂಧಾರ ಬಿ, ಪಂಚಮ ಡಿ, ಧೈವತ ಇ. ಈಗ ಎರಡನೆಯ ಮತ್ತು ಮೊದಲನೆಯ ತಂತಿಗಳ ಮೂರನೆಯ ಫ್ರೆಟ್ ಮೇಲೆ ಉಂಗುರದ ಬೆರಳನ್ನೂ ಕಿರುಬೆರಳನ್ನೂ ಊರಿ, ಅಲ್ಲಿಂದ ಕದಲಿಸದೆ ಇಟ್ಟುಕೊಂಡರೆ ಪಂಚಮ ಮತ್ತು ತಾರ ಷಡ್ಜ ಹಾಡಿನುದ್ದಕ್ಕೂ ನಿಲ್ಲುತ್ತವೆ. ಉಳಿದ ಎರಡು ಬೆರಳುಗಳು ಮಾತ್ರ ಚಲಿಸುತ್ತವೆ. ಜಿ ಕಾರ್ಡಿಗೆ 3-2-0-0-3-3. ಇ ಮೈನರ್ 7 ಕಾರ್ಡಿಗೆ 0-2-2-0-3-3. ಋಷಭದ ಮೇಲೆ ಎ 7 ಸಸ್ 4 (ಸಸ್ 4 ಎಂದರೆ ಕಾರ್ಡಿನ ಮೂರನೆಯ ಸ್ವರದ ಜಾಗದಲ್ಲಿ ನಾಲ್ಕನೆಯದು), ಅಂದರೆ ಆರನೆಯ ತಂತಿ ಮೌನ, ಉಳಿದದ್ದು 0-2-0-3-3. ಪಂಚಮದ ಮೇಲೆ ಡಿ ಸಸ್ 4, ಅಂದರೆ ಆರನೆಯ ಮತ್ತು ಐದನೆಯ ತಂತಿಗಳು ಮೌನ, ಉಳಿದದ್ದು 0-2-3-3. ಸ್ವರಗಳನ್ನು ಒಂದೊಂದಾಗಿ ಎಣಿಸಿ ನೋಡಿ: ಈ ನಾಲ್ಕರಲ್ಲೂ ಮೋಹನದ ಹೊರಗಿನ ಒಂದು ಸ್ವರವೂ ಇಲ್ಲ. ಮೇಲೆ ಪಂಚಮ ಷಡ್ಜಗಳು ಬಿಡದೆ ನಿಂತಿರುವುದರಿಂದ ಗಿಟಾರೇ ಅರ್ಧ ತಂಬೂರಿಯ ಕೆಲಸ ಮಾಡುತ್ತದೆ. ನಿಮ್ಮ ಸಂಯೋಜನೆಯಲ್ಲಿ ಎಲ್ಲಾದರೂ ರಾಗದಿಂದಾಚೆ ಹೋಗಿ ಮಧ್ಯಮವನ್ನು ಮುಟ್ಟಿದ್ದರೆ ಮಾತ್ರ ಸಿ ಆಡ್ 9 ಸೇರಿಸಿಕೊಳ್ಳಬಹುದು: ಆರನೆಯ ತಂತಿ ಮೌನ, ಬಳಿಕ 3-2-0-3-3. ಅಲ್ಲೂ ಮೇಲಿನ ಎರಡು ಬೆರಳು ಕದಲಬೇಕಾಗಿಲ್ಲ.

ಇವನ್ನು ತಂತ್ರಾಂಶದೊಳಗೆ ಹಾಕುವಾಗ ಕಾರ್ಡಿನ ಹೆಸರನ್ನಾಗಲಿ ಸ್ವರಗಳನ್ನಾಗಲಿ ಕೊಡದೆ, ತಂತಿ ಮತ್ತು ಫ್ರೆಟ್‌ಗಳನ್ನೇ ಕೊಡಬೇಕೆಂಬುದು ನನ್ನ ಒತ್ತಾಯ. ನೀವು ಕೀಬೋರ್ಡಿನಲ್ಲಿ ಒತ್ತಿದ ಸ್ವರಗಳನ್ನು ನೋಡಿ ಕಾರ್ಡನ್ನು ಊಹಿಸುವ ವಿಧಾನವೊಂದು ಹಲವು ತಂತ್ರಾಂಶಗಳಲ್ಲಿದೆ. ಮೊದಲೇ ತುಂಬಿಟ್ಟ ಕಾರ್ಡ್‌ಗಳನ್ನು ಒಂದೊಂದು ಕೀಲಿಗೆ ಜೋಡಿಸಿಡುವ ವಿಧಾನ ಇನ್ನೊಂದು. ಆಂಪಲ್ ಗಿಟಾರ್‌ನಂಥವುಗಳಲ್ಲಿ ಎರಡೂ ಇವೆ. ಊಹಿಸುವ ವಿಧಾನ ನೋಡುವುದು ಯಾವ ಯಾವ ಸ್ವರಗಳಿವೆ ಎಂಬುದನ್ನು ಮಾತ್ರ. ಅವು ಯಾವ ತಂತಿಯಲ್ಲಿ ನುಡಿಯಬೇಕೆಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಸಿ ಸಸ್ 2 ಮತ್ತು ಜಿ ಸಸ್ 4 ಎರಡರಲ್ಲೂ ಇರುವುದು ಸಿ, ಡಿ, ಜಿ ಸ್ವರಗಳೇ. ಸಿ 6 ಮತ್ತು ಎ ಮೈನರ್ 7 ಕೂಡ ಹಾಗೆಯೇ ಒಂದೇ ನಾಲ್ಕು ಸ್ವರಗಳ ಎರಡು ಹೆಸರುಗಳು. ಇಂಥ ಕಡೆ ತಂತ್ರಾಂಶ ಒಂದನ್ನು ತಾನೇ ಆರಿಸಿ, ತನ್ನ ಸಂಗ್ರಹದಲ್ಲಿರುವ ಬೆರಳ ಜೋಡಣೆಯನ್ನು ನುಡಿಸಿಬಿಡುತ್ತದೆ. ನಮ್ಮ ನಾಲ್ಕು ಕಾರ್ಡ್‌ಗಳಲ್ಲಿ ಎರಡು ಸಸ್ ಕಾರ್ಡ್‌ಗಳೇ ಆಗಿರುವಾಗ ಊಹೆಗೆ ಬಿಡುವುದು ಬೇಡ. ಎರಡನೆಯ ವಿಧಾನವನ್ನೇ ಹಿಡಿಯಿರಿ.

ಕಾರ್ಡ್ ತಿದ್ದುವ ಪರದೆಯಲ್ಲಿ ಸಾಮಾನ್ಯವಾಗಿ ಗಿಟಾರಿನ ಕತ್ತಿನ ಚಿತ್ರವಿರುತ್ತದೆ. ಖಾಲಿ ಜಾಗವೊಂದನ್ನು ಆರಿಸಿ, ಪ್ರತಿ ತಂತಿಯ ಮೇಲೂ ಬೇಕಾದ ಫ್ರೆಟ್ ಒತ್ತಿ. ಬೇಡವಾದ ತಂತಿಯನ್ನು ಮ್ಯೂಟ್ ಮಾಡಿ. ಬಿಟ್ಟ ತಂತಿಗೂ ಮ್ಯೂಟ್ ಮಾಡಿದ ತಂತಿಗೂ ಇರುವ ಗುರುತುಗಳು ಅದಲುಬದಲಾಗಬಹುದಾದ್ದರಿಂದ, ಹಾಕಿದ ಮೇಲೆ ತಂತಿಗಳನ್ನು ನಿಧಾನವಾಗಿ ಒಂದೊಂದೇ ನುಡಿಸಿ ಪರೀಕ್ಷಿಸುವುದು ಒಳ್ಳೆಯದು. ಕ್ಯಾಪೋ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕ್ಯಾಪೋ ಹಾಕಿದ ಮೇಲೆ ಪರದೆಯ ಫ್ರೆಟ್ ಸಂಖ್ಯೆ ಕ್ಯಾಪೋದಿಂದ ಎಣಿಸಿದ್ದೋ ಅಥವಾ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಎಣಿಸಿದ್ದೋ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುತ್ತದೆ. ಜಿ ಕಾರ್ಡನ್ನು ಹಾಕಿ ಮೊದಲನೆಯ ತಂತಿಯನ್ನು ಮಾತ್ರ ನುಡಿಸಿ. ಮಿಡಿ ಸಂಖ್ಯೆ (ಕಂಪ್ಯೂಟರ್ ಸಂಗೀತದಲ್ಲಿ ಪ್ರತಿ ಸ್ವರಕ್ಕೆ ಕೊಟ್ಟಿರುವ ಅಂಕಿ) 68, ಅಂದರೆ ಜಿ ಶಾರ್ಪ್ ಕೇಳಿಸಿದರೆ ಎಣಿಕೆ ಕ್ಯಾಪೋದಿಂದ. 67, ಅಂದರೆ ಜಿ ಕೇಳಿಸಿದರೆ ಎಣಿಕೆ ನಟ್‌ನಿಂದ. ಎರಡನೆಯ ಸಂದರ್ಭದಲ್ಲಿ ಮೇಲಿನ ಎಲ್ಲ ಸಂಖ್ಯೆಗಳಿಗೂ, ಸೊನ್ನೆಗಳಿಗೂ ಸೇರಿಸಿ, ಒಂದನ್ನು ಕೂಡಿಸಿ ಹಾಕಬೇಕಾಗುತ್ತದೆ. ಇಡೀ ಟ್ರ್ಯಾಕನ್ನು ಅರ್ಧ ಸ್ವರ ಏರಿಸುವ ಸುಲಭದ ದಾರಿಯೂ ಇದೆಯಲ್ಲವೇ ಎಂದು ಕೇಳಬಹುದು. ಆದರೆ ಆ ಅರ್ಧ ಸ್ವರದ ಏರಿಕೆ ಕಾರ್ಡ್ ಆರಿಸುವ ಕೀಲಿಗಳನ್ನೂ ಪಕ್ಕಕ್ಕೆ ಸರಿಸಿ, ಬೇರೆಯೇ ಕಾರ್ಡ್ ನುಡಿಯುವಂತೆ ಮಾಡಿಬಿಡುತ್ತದೆ, ಕ್ಯಾಪೋವೇ ಸರಿ.

ಜಿ ಕಾರ್ಡನ್ನು ಎರಡು ಬಗೆಯಲ್ಲಿ ಉಳಿಸಿಕೊಳ್ಳಿ ಎಂದು ಸೂಚಿಸುತ್ತೇನೆ. ಗಿಟಾರಿನ ಸಮವಿಭಾಗದ ಶ್ರುತಿಯಲ್ಲಿ, ಅಂದರೆ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಶ್ರುತಿಯಲ್ಲಿ, ಅಂತರ ಗಾಂಧಾರವು ಷಡ್ಜದಿಂದ 400 ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಭಾಗ ಒಂದು ಸೆಂಟ್) ಎತ್ತರದಲ್ಲಿದೆ. ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386 ಸೆಂಟ್‌ನದು. ಹಿನ್ನೆಲೆಯಲ್ಲಿ ತಂಬೂರಿ ಇದ್ದು, ಗಾಯಕಿ ಗಾಂಧಾರದ ಮೇಲೆ ನಿಲ್ಲುವ ಕಡೆಯಲ್ಲಿ ಗಿಟಾರಿನ ಗಾಂಧಾರವೂ ನುಡಿದರೆ ಈ 14 ಸೆಂಟ್‌ಗಳ ಅಂತರ ಕಿವಿಗೆ ಚುಚ್ಚುತ್ತದೆ. ಅಂಥ ಕಡೆಗಾಗಿ ಐದನೆಯ ತಂತಿಯನ್ನು ಮ್ಯೂಟ್ ಮಾಡಿದ ಜಿ ಕಾರ್ಡನ್ನು, ಅಂದರೆ 3, ಮೌನ, 0-0-3-3 ಎಂಬುದನ್ನು, ಪಕ್ಕದ ಕೀಲಿಯಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಇರುವುದು ಷಡ್ಜ ಪಂಚಮಗಳು ಮಾತ್ರ. ಗಾಂಧಾರವನ್ನು ಪೂರ್ತಿಯಾಗಿ ಹಾಡಿಗೇ ಬಿಟ್ಟುಕೊಟ್ಟಂತಾಗುತ್ತದೆ. ನನ್ನ ಕೆಲಸದಲ್ಲಂತೂ ಪಲ್ಲವಿಗೆ ಹೆಚ್ಚಾಗಿ ಬಳಕೆಯಾಗುವುದು ಈ ಎರಡನೆಯದೇ.

ನಿಮ್ಮ ತಂತ್ರಾಂಶದಲ್ಲಿ ಕಾರ್ಡ್ ತಿದ್ದುವ ಸೌಲಭ್ಯವೇ ಇಲ್ಲದಿದ್ದರೆ, ಅದು ಯಾವ ಜಾತಿಯದು ಎಂದು ನೋಡಬೇಕು. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಸ್ಟ್ರಮ್ಡ್ ಅಕೂಸ್ಟಿಕ್‌ನಂಥವುಗಳಲ್ಲಿ ಇರುವುದು ವಾದಕರು ನುಡಿಸಿ ಧ್ವನಿಮುದ್ರಿಸಿದ ಸ್ಟ್ರಮ್ಮಿಂಗ್ (ತಂತಿಗಳನ್ನೆಲ್ಲ ಒಂದೇ ಬೀಸಿನಲ್ಲಿ ಸವರಿ ನುಡಿಸುವ) ಪ್ಯಾಟರ್ನ್‌ಗಳು. ಅವುಗಳ ನಾದ ಸಹಜವಾಗಿರುವುದೂ ಅದಕ್ಕೇ, ಒಳಗಿನ ಒಂದು ತಂತಿಯನ್ನು ಮಾತ್ರ ಬದಲಿಸಲು ಬಾರದಿರುವುದೂ ಅದಕ್ಕೇ. ಈ ಹಾಡಿಗೆ ಅಂಥದ್ದು ಬೇಡ. ಪ್ರತಿ ಸ್ವರವನ್ನೂ ಪ್ರತ್ಯೇಕವಾಗಿ ನುಡಿಸಬಲ್ಲ ತಂತ್ರಾಂಶವಾದರೆ ಮಿಡಿ ಸ್ವರಗಳನ್ನು ನೇರವಾಗಿ ಬರೆಯಬಹುದು. ಕ್ಯಾಪೋ ಇಲ್ಲದ ಲೆಕ್ಕದಲ್ಲಿ ಬಿಟ್ಟ ತಂತಿಗಳ ಮಿಡಿ ಸಂಖ್ಯೆಗಳು 40, 45, 50, 55, 59, 64. ಪ್ರತಿ ಫ್ರೆಟ್‌ಗೆ ಒಂದನ್ನು ಕೂಡಿಸುತ್ತ ಹೋದರೆ ಮೇಲಿನ ಜಿ ಕಾರ್ಡ್ 43, 47, 50, 55, 62, 67 ಆಗುತ್ತದೆ. ನಿಮ್ಮ ಶ್ರುತಿಗೆ ಎಲ್ಲದಕ್ಕೂ ಇನ್ನೊಂದು ಸೇರಿಸಿದರೆ 44, 48, 51, 56, 63, 68. ಕ್ಯೂಬೇಸ್, ಲಾಜಿಕ್ ಎಂಬ ಧ್ವನಿಮುದ್ರಣ ತಂತ್ರಾಂಶಗಳಲ್ಲಿನ ಕಾರ್ಡರ್ ಅಥವಾ ಕಾರ್ಡ್ ಟ್ರಿಗರ್ ಇದ್ದರೆ ಈ ಸ್ವರಗುಚ್ಛಗಳನ್ನು ಒಂದೊಂದು ಕೀಲಿಗೆ ಕಲಿಸಿಡಬಹುದು. ಇಲ್ಲಿ ಬರುವ ತೊಡಕು ತಂತಿಯ ಹಂಚಿಕೆಯದು. 62 ಎಂಬ ಸ್ವರ ಎರಡನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲೂ ಸಿಗುತ್ತದೆ, ಮೂರನೆಯ ತಂತಿಯ ಏಳನೆಯ ಫ್ರೆಟ್‌ನಲ್ಲೂ ಸಿಗುತ್ತದೆ. ಎರಡರ ನಾದ ಬೇರೆ ಬೇರೆ. ಎಡಗೈಯ ಸ್ಥಾನವನ್ನು ಮೊದಲ ಫ್ರೆಟ್‌ಗಳಿಗೆ ಕಟ್ಟಿಹಾಕುವ ಆಯ್ಕೆ ಇದ್ದರೆ ಅದನ್ನು ಬಳಸಿ. ಅದಕ್ಕಿಂತ ಖಚಿತವಾದದ್ದು ಮಿಡಿ ಗಿಟಾರ್ ವಾದಕರಿಗಾಗಿ ಇರುವ ವಿಧಾನ: ಆರು ತಂತಿಗಳಿಗೆ ಆರು ಮಿಡಿ ಚಾನೆಲ್. ಒಂದೇ ಸ್ವರವನ್ನು ಎರಡು ತಂತಿಗಳಲ್ಲಿ ಏಕಕಾಲಕ್ಕೆ ನುಡಿಸಬೇಕಾದಾಗಲಂತೂ ಇದೇ ಗತಿ, ಏಕೆಂದರೆ ಒಂದೇ ಚಾನೆಲ್‌ನಲ್ಲಿ ಒಂದೇ ಸಂಖ್ಯೆಯ ಎರಡು ಸ್ವರಗಳು ಬಂದರೆ ಎರಡನೆಯದು ಮೊದಲನೆಯದನ್ನು ಕತ್ತರಿಸುತ್ತದೆ.

ಹೀಗೆ ನೇರವಾಗಿ ಬರೆದ ಕಾರ್ಡಿನ ಆರೂ ಸ್ವರಗಳು ಒಟ್ಟಿಗೆ ನುಡಿದರೆ ಅದು ಗಿಟಾರಿನಂತೆ ಕೇಳುವುದಿಲ್ಲ. ಕೆಳಗಿಳಿಯುವ ಹೊಡೆತದಲ್ಲಿ ಮಂದ್ರದ ತಂತಿ ಮೊದಲು, ಮೇಲೇರುವ ಹೊಡೆತದಲ್ಲಿ ತೆಳು ತಂತಿ ಮೊದಲು. ತಂತಿಯಿಂದ ತಂತಿಗೆ 10 ರಿಂದ 15 ಮಿಲಿಸೆಕೆಂಡ್ ಅಂತರ ನನಗೆ ಸಾಮಾನ್ಯವಾಗಿ ಒಗ್ಗುತ್ತದೆ. ನಿಮಿಷಕ್ಕೆ 90 ಬೀಟ್ ವೇಗದಲ್ಲಿ, ಬೀಟಿಗೆ 480 ಟಿಕ್ (ಬೀಟನ್ನು ಒಡೆದ ಕಿರು ಭಾಗ) ಇರುವ ತಂತ್ರಾಂಶದಲ್ಲಿ, 12 ಮಿಲಿಸೆಕೆಂಡ್ ಎಂದರೆ ಹೆಚ್ಚುಕಡಿಮೆ 9 ಟಿಕ್. ಆರು ತಂತಿಗಳ ಹೊಡೆತಕ್ಕೆ ಒಟ್ಟು 60 ಮಿಲಿಸೆಕೆಂಡ್ ಹಿಡಿಯುವುದರಿಂದ, ಮೊದಲ ತಂತಿಯನ್ನು ತಾಳದ ಘಾತಕ್ಕೆ ಸರಿಯಾಗಿ ಇಟ್ಟರೆ ಇಡೀ ಹೊಡೆತ ತಡವಾದಂತೆ ಕೇಳುತ್ತದೆ. ಗುಚ್ಛವನ್ನೇ ತುಸು ಮುಂಚಿತವಾಗಿ ಆರಂಭಿಸಿ. ಮೇಲೇರುವ ಹೊಡೆತಕ್ಕೆ ಮೇಲಿನ ಮೂರೋ ನಾಲ್ಕೋ ತಂತಿಗಳು ಸಾಕು, ಅವೂ ಮೆಲ್ಲಗೆ. ಸ್ಟ್ರಮ್ ಬದಲು ತಂತಿ ತಂತಿಯಾಗಿ ಬಿಡಿಸಿ ನುಡಿಸುವುದಾದರೆ, ಕಾರ್ಡ್ ಬದಲಾಗುವ ಕಡೆ ಪಂಚಮ ಷಡ್ಜಗಳ ಸ್ವರಗಳನ್ನು ಮುಗಿಸದೆ ಮುಂದಿನ ಕಾರ್ಡಿನೊಳಕ್ಕೂ ಎಳೆಯಿರಿ. ಕೀಲಿಯಿಂದ ಕಾರ್ಡ್ ಬದಲಿಸುವ ವಿಧಾನದಲ್ಲಿ ಕೆಲವು ತಂತ್ರಾಂಶಗಳು ಆ ಕ್ಷಣಕ್ಕೆ ಎಲ್ಲ ತಂತಿಗಳನ್ನೂ ನಿಲ್ಲಿಸಿಬಿಡುತ್ತವೆ. ಹಾಗಾದರೆ ಬಿಡಿಸಿ ನುಡಿಸುವ ಭಾಗಕ್ಕೆ ನೇರ ಬರವಣಿಗೆ, ಸ್ಟ್ರಮ್ಮಿಂಗ್ ಭಾಗಕ್ಕೆ ಕೀಲಿಗಳು ಎಂದು ಎರಡು ಟ್ರ್ಯಾಕ್ ಮಾಡಿಕೊಳ್ಳಬೇಕಾಗುತ್ತದೆ.

ಮುಂದೆ ನೀವೇ ಹೊಸ ವಾಯ್ಸಿಂಗ್ ಕಟ್ಟಲು ಹೊರಟಾಗ ಪಿಯಾನೋ ಮೇಲೆ ಹುಡುಕಿದ ಸ್ವರಗುಚ್ಛವನ್ನು ಹಾಗೆಯೇ ತರಬೇಡಿ. ಡಿ ಮೈನರ್ 7 ಕಾರ್ಡಿನ ಡಿ, ಎಫ್, ಎ, ಸಿ ಸ್ವರಗಳನ್ನು ಪಿಯಾನೋದಲ್ಲಿದ್ದಂತೆ ಒತ್ತೊತ್ತಾಗಿ ಐದನೆಯ ತಂತಿಯಿಂದ ಇಟ್ಟರೆ ಫ್ರೆಟ್‌ಗಳು 5-3-2-1 ಆಗಿ, ಕೈ ಬಹಳ ಹಿಗ್ಗಬೇಕಾಗುತ್ತದೆ. ಅದನ್ನೇ ಡಿ, ಎ, ಸಿ, ಎಫ್ ಎಂದು ಬಿಡಿಸಿದರೆ ಅದೇ ನಾಲ್ಕು ತಂತಿಗಳಲ್ಲಿ 5-7-5-6; ಯಾವ ಗಿಟಾರ್ ವಾದಕರಿಗೂ ಪರಿಚಿತವಾದ ಹಿಡಿತ. ತಂತ್ರಾಂಶಕ್ಕೆ ಬೆರಳಿಲ್ಲದ ಕಾರಣ ಅದು ಮೊದಲನೆಯದನ್ನೂ ತಕರಾರಿಲ್ಲದೆ ನುಡಿಸುತ್ತದೆ, ಆದರೆ ಕೇಳುಗರಿಗೆ ಏನೋ ಕೃತಕವೆನಿಸುತ್ತದೆ.

ಕೊನೆಯದಾಗಿ, ಸಿದ್ಧವಾದ ಕಾರ್ಡ್‌ಗಳನ್ನು ಹಾಡಿನ ಪ್ರಾಜೆಕ್ಟ್‌ನೊಳಗೆ ಮಾತ್ರ ಬಿಡದೆ, ಪ್ಲಗಿನ್‌ನ ಸ್ವಂತ ಪ್ರಿಸೆಟ್ ಆಗಿಯೂ ಉಳಿಸಿ, ಹೆಸರಿನಲ್ಲಿ ಕ್ಯಾಪೋ ಸ್ಥಾನವನ್ನು ಬರೆದಿಡಿ. ಬೇರೊಬ್ಬ ಗಾಯಕಿ ಆರು ಶ್ರುತಿಯಲ್ಲಿ, ಅಂದರೆ ಎ ಶ್ರುತಿಯಲ್ಲಿ, ಇದೇ ಹಾಡನ್ನು ಹಾಡುವುದಾದರೆ, ಫ್ರೆಟ್ ಎಣಿಕೆ ಕ್ಯಾಪೋದಿಂದ ಆಗುವ ತಂತ್ರಾಂಶದಲ್ಲಿ ಕ್ಯಾಪೋವನ್ನು ಎರಡನೆಯ ಫ್ರೆಟ್‌ಗೆ ಸರಿಸಿದರೆ ಸಾಕು. ಕಾರ್ಡ್‌ಗಳಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ.