‘ದೂರು ಬೇಡ ಅಕ್ಕ’ ಎನ್ನುವ ತಮ್ಮ

ಪ್ರಶ್ನೆ: ಜೈಲಿನಲ್ಲಿರುವ ನನ್ನ ತಮ್ಮನಿಗೆ ಸಿಬ್ಬಂದಿ ಹೊಡೆದಿದ್ದಾರೆ. ಭೇಟಿಗೆ ಹೋದಾಗ ತೋಳಿನ ಮೇಲೆ ಬಾಸುಂಡೆ ಕಂಡೆ. ‘ದೂರು ಕೊಟ್ಟರೆ ಇನ್ನೂ ಹೊಡೀತಾರೆ, ಸುಮ್ನಿರು ಅಕ್ಕ’ ಅಂತಾನೆ. ಏನು ಮಾಡಲಿ?

ಉತ್ತರ: ಅವನ ಹೆದರಿಕೆಗೆ ಕಾರಣವಿದೆ. ಹೊಡೆದವರ ಕೈಕೆಳಗೇ ಹಗಲು ರಾತ್ರಿ ಇರಬೇಕಾದವನು ಅವನು, ನಾವಲ್ಲ. ಆದ್ದರಿಂದ ಪ್ರಾಣಾಪಾಯ ಇಲ್ಲದಿದ್ದರೆ, ಅವನು ಒಪ್ಪುವ ತನಕ ದೂರು ಕಳಿಸಬೇಡಿ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ.

ಕಂಡದ್ದನ್ನು ಇವತ್ತೇ ಬರೆದಿಡಿ: ಭೇಟಿಯ ದಿನಾಂಕ, ಗಾಯ ಯಾವ ಜಾಗದಲ್ಲಿತ್ತು, ಎಷ್ಟು ದೊಡ್ಡದು, ಯಾವ ಬಣ್ಣ, ಅವನು ಆಡಿದ ಮಾತು ಅವನದೇ ಶಬ್ದಗಳಲ್ಲಿ. ಫೋನಿನಲ್ಲಿ ಈ ವಿಷಯ ಎತ್ತಬೇಡಿ, ಕರೆಗಳನ್ನು ಕೇಳಿಸಿಕೊಳ್ಳುವವರಿರಬಹುದು. ಬೇಗ ವಕೀಲರನ್ನು ಅವನ ಬಳಿ ಕಳಿಸಿ. ಆ ಮಾತುಕತೆಯನ್ನು ಸಿಬ್ಬಂದಿ ದೂರದಿಂದ ನೋಡಬಹುದೇ ಹೊರತು ಕೇಳಿಸಿಕೊಳ್ಳುವಂತಿಲ್ಲ. ಅಲ್ಲಿ ಅವನು ಒಪ್ಪಿದರೆ ಮೊದಲು ಎರಡು ಲಿಖಿತ ಕೋರಿಕೆ ಹೋಗಲಿ: ವೈದ್ಯರು ಪರೀಕ್ಷಿಸಿ ಗಾಯಗಳನ್ನು ದಾಖಲಿಸಬೇಕು, ಆ ದಿನದ ಸಿಸಿಟಿವಿ ದೃಶ್ಯ ಅಳಿಸದೆ ಕಾಪಾಡಬೇಕು. ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ. ವಿಚಾರಣೆ ಶುರುವಾಗುವಷ್ಟರಲ್ಲಿ ಬಾಸುಂಡೆ ಮಾಸಿರುತ್ತದೆ, ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿರುತ್ತದೆ.

ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 56 ಮತ್ತು 57ನೆಯವನ್ನು ವಕೀಲರ ಜೊತೆ ಓದಿ. ಕೈದಿಯ ದೂರು ಜೈಲಿನ ಮುಖ್ಯಸ್ಥರಿಗಷ್ಟೇ ಅಲ್ಲ, ತಪಾಸಣಾಧಿಕಾರಿಗೂ ನ್ಯಾಯಾಲಯಕ್ಕೂ ಹೋಗಬಹುದು. ಅದರ ಒಕ್ಕಣೆಗೆ ಯಾರೂ ಕತ್ತರಿ ಹಾಕುವಂತಿಲ್ಲ. ಅವನಿಗಾಗಲಿ ವಕೀಲರಿಗಾಗಲಿ ಸಾಧ್ಯವಾಗದಿದ್ದರೆ ಮನೆಯವರೂ ಕೊಡಬಹುದು. ಗುಟ್ಟಾಗಿಡಿ ಎಂದು ಕೇಳಿದರೆ ಅದಕ್ಕೆ ವ್ಯವಸ್ಥೆ ಇರಬೇಕು. ಇವು ಮಾರ್ಗದರ್ಶಿ ನಿಯಮಗಳು; ಕಾನೂನಿನ ಬಲ ನಿಮ್ಮಲ್ಲಿನ ಕಾಯ್ದೆಯಿಂದಲೇ ಬರಬೇಕು.

ಒಂದು ದೂರಿನಲ್ಲಿ ಒಂದೇ ಘಟನೆ ಇರಲಿ. ಊಟ, ಹಾಸಿಗೆ, ಭೇಟಿಯ ಸಮಯವನ್ನೆಲ್ಲ ಸೇರಿಸಿದರೆ ಸುಲಭದ್ದಕ್ಕೆ ಉತ್ತರ ಬರೆದು ಹೊಡೆತದ ವಿಷಯ ಹಾರಿಸಿಬಿಡುತ್ತಾರೆ. ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿ ಪಡೆಯಿರಿ. ಹೊಡೆದವರೇ ವಿಚಾರಣೆ ನಡೆಸಬಾರದೆಂದು ಸ್ಪಷ್ಟವಾಗಿ ಬರೆಯಿರಿ.

ಜೈಲಿಗೆ ಭೇಟಿ ಕೊಡುವ ಸ್ವತಂತ್ರ ತಂಡ ಮತ್ತು ದೂರು ವಿಚಾರಿಸುವ ಸಂಸ್ಥೆ ಎಷ್ಟೋ ಕಡೆ ಬೇರೆಬೇರೆ. ಮೊದಲನೆಯದು ಕೈದಿಗಳ ಜೊತೆ ಖಾಸಗಿಯಾಗಿ ಮಾತಾಡಿ ಒಟ್ಟು ಸ್ಥಿತಿಯ ವರದಿ ಕೊಡುತ್ತದೆ. ಒಬ್ಬೊಬ್ಬರ ಪ್ರಕರಣ ತೀರ್ಮಾನಿಸುವುದು ಸಾಮಾನ್ಯವಾಗಿ ಅದರ ಕೆಲಸವಲ್ಲ. ತಮ್ಮ ಇನ್ನೂ ಹಿಂಜರಿದರೆ, ಆ ತಂಡ ಮಾತಾಡಿಸುವ ಹಲವು ಕೈದಿಗಳಲ್ಲಿ ತಾನೂ ಒಬ್ಬನಾಗಿ ಮಾತಾಡಲಿ.

ದೂರು ಹೋದ ಮೇಲೆ ಭೇಟಿ ನಿಂತರೆ, ಕೋಣೆ ಬದಲಾದರೆ, ತಪಾಸಣೆ ಹೆಚ್ಚಾದರೆ ದಿನಾಂಕ ಸಹಿತ ಬರೆದಿಟ್ಟು, ಸೇಡಿನ ಕ್ರಮವೆಂದು ಪ್ರತ್ಯೇಕ ದೂರನ್ನು ಹೊರಗಿನ ಸಂಸ್ಥೆಗೋ ನ್ಯಾಯಾಲಯಕ್ಕೋ ನೇರವಾಗಿ ಕೊಡಿ.